ನಾಲ್ಕು ತಂತಿಗಳು: ಮಿಲ್ಟನ್ ಮತ್ತು ವಿವಾಹವಾಕ್ಯಗಳ ವ್ಯಾಖ್ಯಾನ

1645ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನಲ್ಲಿ ‘ಟೆಟ್ರಾಕಾರ್ಡನ್’ ಎಂಬ ಹೆಸರಿನ ಗ್ರಂಥವೊಂದು ಅಚ್ಚಾಯಿತು. ಗ್ರೀಕ್ ಭಾಷೆಯ ಆ ಪದಕ್ಕೆ ನಾಲ್ಕು ತಂತಿಗಳುಳ್ಳದ್ದು ಎಂದರ್ಥ. ಪುಸ್ತಕದಂಗಡಿಯ ಮುಂದೆ ನಿಂತು ಈ ಹೆಸರನ್ನು ಉಚ್ಚರಿಸಲಾರದೆ ತಡವರಿಸುವ ದಾರಿಹೋಕರನ್ನು ಗ್ರಂಥಕರ್ತನೇ ಮುಂದೆ ಒಂದು ಸಾನೆಟ್ಟಿನಲ್ಲಿ ಹಾಸ್ಯಮಾಡಿದ್ದಾನೆ. ಕನ್ನಡದ ವಾಚಕರಿಗೆ ಬೇಂದ್ರೆಯವರ ‘ನಾಕುತಂತಿ’ ಕೂಡಲೇ ನೆನಪಾದೀತು. ಆದರೆ ಇಲ್ಲಿಯ ತಂತಿಗಳು ಬೇರೆ. ಕರ್ತೃ ಜಾನ್ ಮಿಲ್ಟನ್. ‘ಪ್ಯಾರಡೈಸ್ ಲಾಸ್ಟ್’ ಹೊರಬರಲು ಇನ್ನೂ ಇಪ್ಪತ್ತೆರಡು ವರ್ಷಗಳಿದ್ದವು. ಅವನು ಶ್ರುತಿಗೂಡಿಸಲು ಹೊರಟದ್ದು ವಿವಾಹವನ್ನು ಕುರಿತ ಬೈಬಲಿನ ನಾಲ್ಕು ಸ್ಥಳಗಳನ್ನು.

ಮೊದಲನೆಯದು ಆದಿಕಾಂಡದ್ದು. ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ದೇವರು ಕಂಡು ಅವನಿಗೆ ಸರಿಬೀಳುವ ಸಹಾಯಕಿಯನ್ನು ನಿರ್ಮಿಸಿದ ಪ್ರಸಂಗ ಅದು. ಎರಡನೆಯದು ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ. ಪತ್ನಿಯಲ್ಲಿ ಅಸಹ್ಯವಾದುದೇನನ್ನಾದರೂ ಕಂಡ ಪತಿ ತ್ಯಾಗಪತ್ರವನ್ನು ಬರೆದು ಅವಳ ಕೈಗಿತ್ತು ಕಳುಹಿಸುವ ಪದ್ಧತಿಯನ್ನು ಮೋಶೆಯ ಶಾಸ್ತ್ರ ಅಲ್ಲಿ ಒಪ್ಪಿಕೊಳ್ಳುತ್ತದೆ. ಮೂರನೆಯದು ಮತ್ತಾಯನ ಸುವಾರ್ತೆಯ ಐದನೆಯ ಮತ್ತು ಹತ್ತೊಂಬತ್ತನೆಯ ಅಧ್ಯಾಯಗಳು. ಹಾದರದ ಕಾರಣವೊಂದನ್ನುಳಿದು ಹೆಂಡತಿಯನ್ನು ಬಿಡಕೂಡದೆಂದು ಕ್ರಿಸ್ತನು ಅಲ್ಲಿ ವಿಧಿಸುತ್ತಾನೆ. ನಾಲ್ಕನೆಯದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಏಳನೆಯ ಅಧ್ಯಾಯ. ನಂಬಿಕೆಯಿಲ್ಲದ ಸಂಗಾತಿ ತಾನಾಗಿ ಅಗಲಿಹೋದರೆ ಉಳಿದವರು ಬದ್ಧರಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಮೋಶೆ ಬಾಗಿಲು ತೆರೆದಿದ್ದಾನೆ, ಕ್ರಿಸ್ತನು ಮುಚ್ಚಿದ್ದಾನೆ, ಪೌಲನು ಕಿಟಕಿಯೊಂದನ್ನು ತೆರೆದಿದ್ದಾನೆ. ನಾಲ್ಕೂ ಒಬ್ಬನೇ ದೇವರ ವಾಕ್ಯವೆಂದು ನಂಬುವವನು ಇವುಗಳಿಂದ ಒಂದು ಸ್ವರವನ್ನು ಹೊರಡಿಸುವುದು ಹೇಗೆ? ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ. ಕ್ರಿಸ್ತನ ಇದೇ ಮಾತನ್ನು ಮಾರ್ಕನೂ ಲೂಕನೂ ದಾಖಲಿಸಿದ್ದಾರೆ. ಅವರಲ್ಲಿ ಹಾದರದ ಅಪವಾದವೂ ಇಲ್ಲ.

ರೋಮಿನ ಸಭೆ ಈ ತೊಡಕನ್ನು ಬಹು ಹಿಂದೆಯೇ ತನ್ನ ರೀತಿಯಲ್ಲಿ ಬಗೆಹರಿಸಿಕೊಂಡಿತ್ತು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ವಿವಾಹದ ಪ್ರಸ್ತಾಪ ಬರುವಲ್ಲಿ ‘ಮಿಸ್ಟೀರಿಯಾನ್’, ಎಂದರೆ ಗುಹ್ಯಾರ್ಥ, ರಹಸ್ಯ ಎಂಬ ಗ್ರೀಕ್ ಶಬ್ದವಿದೆ. ಲ್ಯಾಟಿನ್ ಅನುವಾದದಲ್ಲಿ ಅದು ‘ಸಾಕ್ರಾಮೆಂಟುಮ್’ ಆಯಿತು. ವಿವಾಹವೊಂದು ಸಂಸ್ಕಾರ, ಆದುದರಿಂದ ಅವಿಚ್ಛೇದ್ಯ ಎಂಬ ಸಿದ್ಧಾಂತಕ್ಕೆ ಆ ಶಬ್ದ ಒಂದು ಆಧಾರಸ್ತಂಭವಾಯಿತು. ಅನುವಾದಕನೊಬ್ಬನ ಪದದ ಆಯ್ಕೆ ಕೋಟ್ಯಂತರ ಸಂಸಾರಗಳ ಮೇಲೆ ಬೀರಿದ ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯುವುದು ಕಷ್ಟ. 1520ರಲ್ಲಿ ಲೂಥರನು ಈ ಆಧಾರವನ್ನು ಅಲುಗಿಸಿದನು. ಜರ್ಮನಿ, ಸ್ವಿಟ್ಜರ್ಲೆಂಡುಗಳ ಪ್ರಾಟೆಸ್ಟಂಟರು ಹಾದರ ಮತ್ತು ಪರಿತ್ಯಾಗ ಎಂಬ ಎರಡು ಕಾರಣಗಳಿಗೆ ವಿಚ್ಛೇದನವನ್ನೂ ಪುನರ್ವಿವಾಹವನ್ನೂ ಒಪ್ಪಿದರು. ಇಂಗ್ಲೆಂಡು ಮಾತ್ರ ಪೋಪನನ್ನು ಬಿಟ್ಟರೂ ಪೋಪನ ವಿವಾಹಶಾಸ್ತ್ರವನ್ನು ಬಿಡಲಿಲ್ಲ. ಅಲ್ಲಿಯ ಸಭೆಯ ನ್ಯಾಯಾಲಯಗಳು ದಂಪತಿಗಳನ್ನು ಹಾಸಿಗೆಯಿಂದಲೂ ಊಟದ ಪಂಕ್ತಿಯಿಂದಲೂ ಬೇರ್ಪಡಿಸಬಲ್ಲವಾಗಿದ್ದವು. ಮರುಮದುವೆಗೆ ಅನುಮತಿ ಕೊಡುತ್ತಿರಲಿಲ್ಲ. ಪತಿ ನಪುಂಸಕನೆಂದು ಸಿದ್ಧವಾದರೆ ವಿವಾಹವೇ ಆಗಿಲ್ಲವೆಂದು ಘೋಷಿಸುತ್ತಿದ್ದವು. ದೇಹದ ಅಸಾಮರ್ಥ್ಯಕ್ಕೆ ಇಷ್ಟು ಕರುಣೆ ತೋರುವ ಶಾಸ್ತ್ರ ಮನಸ್ಸುಗಳ ಅಸಾಮರ್ಥ್ಯಕ್ಕೆ ಏಕೆ ಕಿವುಡಾಗಿದೆ ಎಂಬುದೇ ಮಿಲ್ಟನ್ನನ ಪ್ರಶ್ನೆ.

ಪ್ರಶ್ನೆ ಮೂಡಿದ್ದು ಗ್ರಂಥಾಲಯದಲ್ಲಿ ಅಲ್ಲವೆಂಬುದು ಪ್ರಸಿದ್ಧ ಸಂಗತಿ. 1642ರ ಬೇಸಿಗೆಯ ಆರಂಭದಲ್ಲಿ ಮಿಲ್ಟನ್ನನು ಆಕ್ಸ್‌ಫರ್ಡಿನ ಸಮೀಪದ ಫಾರೆಸ್ಟ್ ಹಿಲ್ ಎಂಬ ಊರಿಗೆ ಹೋದನು. ಅಲ್ಲಿಯ ರಿಚರ್ಡ್ ಪವೆಲ್ಲನು ಮಿಲ್ಟನ್ ಮನೆತನಕ್ಕೆ ಸಾಲಗಾರ. ಒಂದು ತಿಂಗಳ ಅನಂತರ ಮಿಲ್ಟನ್ನನು ಲಂಡನ್ನಿಗೆ ಮರಳಿದಾಗ ಜೊತೆಯಲ್ಲಿ ಪವೆಲ್ಲನ ಮಗಳು ಮೇರಿ ಪತ್ನಿಯಾಗಿ ಬಂದಿದ್ದಳು. ಅವನಿಗೆ ಮೂವತ್ತಮೂರು, ಅವಳಿಗೆ ಹದಿನೇಳು. ಅವನದು ಓದು, ಮೌನ, ಮಿತಾಹಾರಗಳ ಮನೆ. ಶಿಷ್ಯರಾಗಿದ್ದ ಸೋದರಳಿಯಂದಿರು ಏಟು ತಿಂದು ಅಳುವ ಸದ್ದು ಅವಳಿಗೆ ಕೇಳಿಸುತ್ತಿತ್ತೆಂದು ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ತುಂಬಿದ ಮನೆಯಲ್ಲಿ ಬೆಳೆದ ಆ ಹುಡುಗಿ ತಿಂಗಳೊಂದು ಕಳೆಯುತ್ತಲೇ ತವರಿಗೆ ಹೋದಳು, ಪತಿಯ ಒಪ್ಪಿಗೆಯಿಂದಲೇ. ಸೆಪ್ಟೆಂಬರಿನ ಕೊನೆಗೆ, ಮೈಕಲ್‌ಮಸ್ ಹಬ್ಬಕ್ಕೆ, ಮರಳಬೇಕೆಂಬ ಮಾತಾಗಿತ್ತು. ಮರಳಲಿಲ್ಲ. ಕಾಗದಗಳಿಗೆ ಉತ್ತರ ಬರಲಿಲ್ಲ. ಕಳುಹಿಸಿದ ದೂತನು ಅವಮಾನಿತನಾಗಿ ಹಿಂದಿರುಗಿದನು. ಅಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತ್ತು. ಪವೆಲ್ಲರು ರಾಜಪಕ್ಷದವರು, ಮಿಲ್ಟನ್ನನು ಪಾರ್ಲಿಮೆಂಟಿನವನು. ಆಕ್ಸ್‌ಫರ್ಡು ರಾಜನ ಬೀಡಾಯಿತು. ಈ ವೃತ್ತಾಂತವೆಲ್ಲ ನಮಗೆ ದೊರೆತದ್ದು ಹೆಚ್ಚಾಗಿ ಸೋದರಳಿಯನಾದ ಎಡ್ವರ್ಡ್ ಫಿಲಿಪ್ಸನು 1694ರಲ್ಲಿ ಬರೆದ ಚರಿತ್ರೆಯಿಂದ. ಎಂದರೆ ಇದು ಗಂಡನ ಕಡೆಯವರ ಸಾಕ್ಷ್ಯ. ಮೇರಿಯ ಮನಸ್ಸಿನ ಮಾತು ಅವಳ ಬಾಯಿಂದ ನಮಗೆ ಬಂದಿಲ್ಲ.

1643ರ ಆಗಸ್ಟಿನಲ್ಲಿ, ಕರ್ತೃವಿನ ಹೆಸರಿಲ್ಲದೆ, ‘ವಿಚ್ಛೇದನದ ಸಿದ್ಧಾಂತ ಮತ್ತು ಶಿಸ್ತು’ ಎಂಬ ಕಿರುಹೊತ್ತಗೆ ಹೊರಬಂದಿತು. ಅದರಲ್ಲಿ ಮಿಲ್ಟನ್ನನು ಸುಲಭದ ದಾರಿಯನ್ನು ಹಿಡಿಯಲಿಲ್ಲವೆಂಬುದನ್ನು ಗಮನಿಸಬೇಕು. ಪತ್ನಿ ತನ್ನನ್ನು ಬಿಟ್ಟುಹೋಗಿದ್ದಾಳೆ ಎಂಬುದಷ್ಟೇ ಅವನ ಅಹವಾಲಾಗಿದ್ದರೆ ಪೌಲನ ವಾಕ್ಯವೂ ಯೂರೋಪಿನ ಪ್ರಾಟೆಸ್ಟಂಟರ ಆಚಾರವೂ ಅವನ ಬೆಂಬಲಕ್ಕೆ ಸಿದ್ಧವಾಗಿದ್ದವು. ಅವನು ವಾದಿಸಿದ್ದು ಪರಿತ್ಯಾಗವನ್ನಲ್ಲ, ಮನಸ್ಸುಗಳ ವೈಷಮ್ಯವನ್ನು. ವಿವಾಹದ ಪ್ರಥಮ ಪ್ರಯೋಜನ ಸಂತಾನವಲ್ಲ, ಕಾಮಶಮನವೂ ಅಲ್ಲ, ಒಂಟಿತನದ ನಿವಾರಣೆ. ದೇವರು ಆದಮನಲ್ಲಿ ಕಂಡ ಕೊರತೆ ಅದೊಂದೇ ಆಗಿತ್ತು. ಆದಕಾರಣ ಒಡನಾಡುವ ಜೀವವಿಲ್ಲದೆ ಇಬ್ಬರು ಒಂದೇ ಸೂರಿನಡಿ ಮೊದಲಿಗಿಂತ ಹೆಚ್ಚು ಒಂಟಿಯಾದರೆ ಅದು ದೇವರು ಜೋಡಿಸಿದ ವಿವಾಹವೇ ಅಲ್ಲ. ದೇವರು ಜೋಡಿಸದುದನ್ನು ಬೇರ್ಪಡಿಸಿದರೆ ಪಾಪವೂ ಇಲ್ಲ. ಆ ಕಾಲಕ್ಕೆ ಇದು ದಿಟ್ಟ ಮಾತು. ದಾಂಪತ್ಯದ ಮಧ್ಯಬಿಂದುವನ್ನು ಶರೀರದಿಂದ ಸಂಭಾಷಣೆಗೆ ಸರಿಸಿದವರಲ್ಲಿ ಅವನು ಅಗ್ರಗಣ್ಯ.

ಆದರೆ ಮತ್ತಾಯನ ವಾಕ್ಯ ಎದುರಿಗೆ ನಿಂತಿತ್ತು. ಬಿಷಪ್ಪರ ವಿರುದ್ಧ ಬರೆಯುವಾಗ ಬೈಬಲಿನ ಸ್ಪಷ್ಟ ಅಕ್ಷರವೇ ಸಾಕು, ಸಂಪ್ರದಾಯ ಬೇಡ ಎಂದು ಸಾಧಿಸಿದ್ದವನು ಮಿಲ್ಟನ್ನನೇ. ಈಗ ಸ್ಪಷ್ಟ ಅಕ್ಷರವೇ ಅವನಿಗೆ ಅಡ್ಡಬಂದಿತು. ಅವನು ಬೇರೊಂದು ಬಗೆಯ ಓದನ್ನು ಕಂಡುಕೊಳ್ಳಬೇಕಾಯಿತು, ಮತ್ತು ಕಂಡುಕೊಂಡನು. ಕ್ರಿಸ್ತನು ಆ ಮಾತನ್ನು ಯಾರಿಗೆ ಹೇಳಿದನು? ಫರಿಸಾಯರಿಗೆ. ಏಕೆ? ಅವರು ಅವನನ್ನು ಸಿಕ್ಕಿಸಲೆಂದು ಪ್ರಶ್ನಿಸಿದ್ದರು. ಪ್ರಶ್ನೆಯಾದರೂ ಏನು? ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೇ ಎಂಬುದು. ಈ ಪ್ರಶ್ನೆಯ ಹಿಂದೆ ಯೆಹೂದ್ಯರ ಎರಡು ಗುರುಪರಂಪರೆಗಳ ಜಗಳವಿದೆ. ತ್ಯಾಗಪತ್ರವನ್ನು ಕುರಿತ ‘ಮಿಷ್ನಾ’ದ ‘ಗಿಟ್ಟಿನ್’ ಪ್ರಕರಣ ಈ ಜಗಳದಿಂದಲೇ ಮುಗಿಯುತ್ತದೆ. ಮೋಶೆಯ ವಾಕ್ಯದಲ್ಲಿ ‘ಎರ್ವತ್ ದಾವಾರ್’ ಎಂಬ ಎರಡು ಶಬ್ದಗಳಿವೆ. ಅಕ್ಷರಶಃ ‘ವಸ್ತುವಿನ ನಗ್ನತೆ’. ಶಮ್ಮಾಯಿಯ ಪಂಥದವರು ನಗ್ನತೆಯನ್ನು ಹಿಡಿದುಕೊಂಡು ಶೀಲಭ್ರಂಶವೊಂದೇ ಕಾರಣವೆಂದರು. ಹಿಲ್ಲೇಲನ ಪಂಥದವರು ‘ವಸ್ತು’ವನ್ನು ಹಿಡಿದುಕೊಂಡು ಏನಾದರೂ ಆಗಬಹುದು, ಅಡುಗೆ ಕೆಡಿಸಿದರೂ ಸಾಕು ಎಂದರು. ಅಕೀವನಂತೂ ಇನ್ನೂ ಮುಂದೆ ಹೋಗಿ ಹೆಚ್ಚು ಚೆಲುವೆಯೊಬ್ಬಳು ಕಂಡರೂ ಆಗಬಹುದೆಂದನು. ಮಹಾಮಹೋಪಾಧ್ಯಾಯರುಗಳ ಈ ಉದಾರತೆಯಲ್ಲಿ ಬೀದಿಗೆ ಬೀಳುತ್ತಿದ್ದವಳು ಹೆಂಗಸು. ಕ್ರಿಸ್ತನ ಕಠೋರವಾಕ್ಯ ಅವಳಿಗೆ ಆಸರೆಯಾಗಿತ್ತೆಂಬುದನ್ನು ಮರೆತು ಅದನ್ನು ಓದುವುದು ಸರಿಯಲ್ಲ.

ಮಿಲ್ಟನ್ನನ ಓದು ಇಲ್ಲಿಂದ ಮೇಲೇಳುತ್ತದೆ. ವಿಷ ಕುಡಿದವನಿಗೆ ವೈದ್ಯನು ಹಿತಮಿತವಾದ ಪಥ್ಯವನ್ನು ಕೊಡುವುದಿಲ್ಲ, ವಿಷದಷ್ಟೇ ತೀಕ್ಷ್ಣವಾದ ಪ್ರತಿವಿಷವನ್ನು ಕೊಡುತ್ತಾನೆ. ಕ್ರಿಸ್ತನ ಮಾತು ಫರಿಸಾಯರ ಸ್ವೇಚ್ಛೆಗೆ ಕೊಟ್ಟ ಅಂಥ ಔಷಧ, ಆರೋಗ್ಯವಂತನ ನಿತ್ಯದ ಆಹಾರವಲ್ಲ ಎಂಬುದು ಅವನ ವಾದ. ಮತ್ತಾಯನ ಐದನೆಯ ಅಧ್ಯಾಯದಲ್ಲಿ ವಿಚ್ಛೇದನದ ಮಾತು ಬರುವುದಕ್ಕೆ ತುಸು ಮುನ್ನ, ಪಾಪಕ್ಕೆ ಎಳೆಯುವ ಕಣ್ಣನ್ನು ಕಿತ್ತು ಬಿಸಾಡಬೇಕೆಂಬ ಆಜ್ಞೆಯಿದೆ. ಅದನ್ನು ಅಕ್ಷರಶಃ ಪಾಲಿಸಿ ಕುರುಡರಾದ ಕ್ರೈಸ್ತರ ಸಭೆಯೊಂದು ಎಲ್ಲಿಯೂ ಇಲ್ಲ. ಹಾಗಿರುವಾಗ ಎರಡು ವಾಕ್ಯಗಳ ಆಚೆಗಿರುವ ಮಾತು ಮಾತ್ರ ಶಾಸನವಾದದ್ದು ಯಾವ ನ್ಯಾಯದಿಂದ? ವಾಕ್ಯವೊಂದನ್ನು ಅದರ ಸುತ್ತಣ ವಾಕ್ಯಗಳಿಂದಲೂ, ಹುಟ್ಟಿದ ಸಂದರ್ಭದಿಂದಲೂ, ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿಯೆಂಬ ಧರ್ಮದ ಮೂಲಸೂತ್ರದಿಂದಲೂ ಅಗಲಿಸಿ ಓದಕೂಡದೆಂಬ ನಿಯಮವನ್ನು ಅವನು ಸ್ಥಾಪಿಸಿದನು.

ಭಾರತೀಯ ಶಾಸ್ತ್ರಪರಂಪರೆಯನ್ನು ಬಲ್ಲವರಿಗೆ ಇಲ್ಲಿ ಒಂದು ಕುತೂಹಲವಿದೆ. ಜೈಮಿನಿಯ ಮೀಮಾಂಸೆಯಲ್ಲಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳು ಪರಸ್ಪರ ವಿರೋಧಿಸಿದಾಗ ಮೊದಲು ಬಂದದ್ದು ಆಮೇಲಿನದಕ್ಕಿಂತ ಪ್ರಬಲ. ನೇರವಾಗಿ ಕಿವಿಗೆ ಬಿದ್ದ ಶಬ್ದ ಪ್ರಕರಣವನ್ನು ಮೀರಿಸುತ್ತದೆ. ಆ ಮಾನದಿಂದ ನೋಡಿದರೆ ಗೆಲ್ಲುವವರು ಮಿಲ್ಟನ್ನನ ಪ್ರತಿಪಕ್ಷದವರು. ಅವರ ಕೈಯಲ್ಲಿ ಸಾಕ್ಷಾತ್ ಶಬ್ದವೇ ಇತ್ತು, ಅವನ ಕೈಯಲ್ಲಿದ್ದದ್ದು ನಾಲ್ಕನೆಯ ದರ್ಜೆಯ ಪ್ರಮಾಣ. ಅವನಿಗೂ ಇದು ಗೊತ್ತಿದ್ದಿರಬೇಕು. ಏಕೆಂದರೆ ಪ್ರಕರಣವೊಂದನ್ನೇ ನೆಚ್ಚದೆ ಅವನು ಶಬ್ದದ ಮೇಲೂ ಕೈಯಿಟ್ಟನು, ಅಲ್ಲಿಯೇ ಎಡವಿದನು.

ಹಾದರವೆಂದು ಅನುವಾದವಾಗಿರುವ ಶಬ್ದಕ್ಕೆ ಹೀಬ್ರೂ ನುಡಿಬಳಕೆಯಲ್ಲಿ ಶರೀರದೋಷಕ್ಕಿಂತ ವಿಶಾಲವಾದ ಅರ್ಥವಿದೆ, ಪತಿಯನ್ನು ಮನಸ್ಸಿನಿಂದ ತೊರೆದ ಹಟಮಾರಿತನವೂ ಅದರಲ್ಲಿ ಅಡಗಿದೆ ಎಂದು ಅವನು ತೋರಿಸಲು ಹೊರಟನು. ಅದಕ್ಕೆ ತಂದ ಸಾಕ್ಷ್ಯ ನ್ಯಾಯಸ್ಥಾಪಕರ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯ. ಲೇವಿಯನೊಬ್ಬನ ಉಪಪತ್ನಿ ಅವನಿಗೆ ದ್ರೋಹಬಗೆದು ಹಾದರ ಮಾಡಿದಳೆಂದು ಹೀಬ್ರೂ ಮೂಲ ಹೇಳುತ್ತದೆ. ಅವಳು ಮಾಡಿದ್ದು ತಂದೆಯ ಮನೆಗೆ ಹೋಗಿ ನಾಲ್ಕು ತಿಂಗಳು ಅಲ್ಲಿಯೇ ಇದ್ದದ್ದು. ಇತಿಹಾಸಕಾರ ಜೋಸೆಫಸನೂ ಹಳೆಯ ಗ್ರೀಕ್ ಅನುವಾದಕರೂ ಇಲ್ಲಿ ವ್ಯಭಿಚಾರವನ್ನು ಕಾಣದೆ ಬರಿಯ ಮನಸ್ತಾಪವನ್ನು ಕಂಡಿದ್ದಾರೆಂದು ಮಿಲ್ಟನ್ನನು ಉತ್ಸಾಹದಿಂದ ಎತ್ತಿಹೇಳುತ್ತಾನೆ. ತವರಿಗೆ ಹೋಗಿ ಮರಳದ ಹೆಂಡತಿ! ಆಧಾರಕ್ಕಾಗಿ ಬೈಬಲನ್ನೆಲ್ಲ ಜಾಲಾಡಿದ ವಿದ್ವಾಂಸನ ಬೆರಳು ಹೋಗಿ ನಿಂತ ಸ್ಥಳ ಇದು. ಶಬ್ದಾರ್ಥದ ದೃಷ್ಟಿಯಿಂದ ವಾದ ದುರ್ಬಲವೇನಲ್ಲ. ವಿದ್ವಾಂಸರು ಇಂದಿಗೂ ಆ ಪಾಠವನ್ನು ಚರ್ಚಿಸುತ್ತಾರೆ.

ಆದರೆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಲೇವಿಯನು ಒಳ್ಳೆಯ ಮಾತನಾಡಿ ಅವಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಗಿಬೆಯ ಎಂಬ ಊರಿನಲ್ಲಿ ರಾತ್ರಿ ತಂಗುತ್ತಾರೆ. ಊರಿನ ದುಷ್ಟರು ಮನೆಯನ್ನು ಮುತ್ತಿ ಆ ಗಂಡಸನ್ನೇ ಹೊರಗೆ ಕಳುಹಿಸೆಂದು ಬಾಗಿಲು ಬಡಿಯುತ್ತಾರೆ. ಅವನು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಅವಳನ್ನು ಹಿಡಿದು ಹೊರಕ್ಕೆ ದೂಡುತ್ತಾನೆ. ರಾತ್ರಿಯೆಲ್ಲ ಅವರ ಕೈಗೆ ಸಿಕ್ಕ ಅವಳು ಬೆಳಗಿನ ಜಾವ ಬಂದು ಹೊಸ್ತಿಲ ಮೇಲೆ ಬೀಳುತ್ತಾಳೆ. ಅವನು ಅವಳ ದೇಹವನ್ನು ಹನ್ನೆರಡು ತುಂಡು ಮಾಡಿ ಇಸ್ರಾಯೇಲಿನ ಸೀಮೆಗಳಿಗೆಲ್ಲ ಕಳುಹಿಸುತ್ತಾನೆ. ಇಡೀ ಬೈಬಲಿನಲ್ಲಿ ಇದಕ್ಕಿಂತ ಘೋರವಾದ ದಾಂಪತ್ಯಕಥೆಯಿಲ್ಲ. ವಿಚ್ಛೇದನದ ವಾದಕ್ಕೆ ಮಿಲ್ಟನ್ನನಿಗೆ ಬೇಕಾದದ್ದು ಆ ಅಧ್ಯಾಯದ ಎರಡನೆಯ ವಾಕ್ಯದ ಒಂದು ಕ್ರಿಯಾಪದ ಮಾತ್ರ. ಮತ್ತಾಯನ ವಾಕ್ಯವನ್ನು ಸಂದರ್ಭದಿಂದ ಕೀಳಬಾರದೆಂದು ಅಷ್ಟು ವಾದಿಸಿದವನು ಇಲ್ಲಿ ತಾನೇ ಕಿತ್ತನು. ಹೊಸ್ತಿಲಿನಾಚೆ ನಿಂತವಳ ಕಡೆಯಿಂದ ಆ ಅಧ್ಯಾಯವನ್ನು ಓದಿದ್ದರೆ ತವರು ಸೇರಿದವಳನ್ನು ದೂಷಿಸಲು ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ಪ್ರೀತಿಯ ಸೂತ್ರ ಅವನಲ್ಲಿ ಅರ್ಧಕ್ಕೇ ನಿಂತಿತೆಂಬುದಕ್ಕೆ ಬೇರೆ ಗುರುತುಗಳೂ ಇವೆ. ಪುಸ್ತಕದ ಶೀರ್ಷಿಕೆಪುಟ ಇದು ಸ್ತ್ರೀಪುರುಷರಿಬ್ಬರ ಹಿತಕ್ಕಾಗಿ ಎಂದು ಸಾರುತ್ತದೆ; ಒಳಗೆ ತ್ಯಾಗಪತ್ರ ಬರೆಯುವ ಅಧಿಕಾರ ನ್ಯಾಯಾಲಯದಿಂದ ತಪ್ಪಿ ಮನೆಯ ಯಜಮಾನನ ಕೈಗೆ ಹೋಗುತ್ತದೆ. ಒಂಟಿತನವೆಂದರೆ ಆದಮನದು, ಹವ್ವಳಿಗೂ ಒಂಟಿತನವಿದ್ದೀತೆಂಬ ಯೋಚನೆ ಅಪರೂಪ. ಆದರೂ ‘ಟೆಟ್ರಾಕಾರ್ಡನ್’ನಲ್ಲಿ ಒಂದೆಡೆ, ಪತ್ನಿಯೇ ವಿವೇಕದಲ್ಲಿ ಮಿಗಿಲಾಗಿದ್ದು ಪತಿಯೂ ಅದಕ್ಕೆ ಒಪ್ಪಿದರೆ, ಹೆಚ್ಚು ತಿಳಿದವರು ಕಡಿಮೆ ತಿಳಿದವರನ್ನು ನಡೆಸಬೇಕೆಂಬ ಮೇಲಿನ ನಿಯಮ ಅಲ್ಲಿ ಸಲ್ಲುತ್ತದೆಂದು ಒಪ್ಪಿಕೊಂಡಿದ್ದಾನೆ. ಹದಿನೇಳನೆಯ ಶತಮಾನದ ಪುರುಷನಿಂದ ಬಂದ ಈ ಮಾತನ್ನು ಅಲಕ್ಷಿಸಲಾಗದು.

ಲಂಡನ್ ಅವನ ವಾದವನ್ನು ಓದಿ ವಿಚಾರಿಸಲಿಲ್ಲ, ಬೈದಿತು. 1644ರ ಆಗಸ್ಟ್ 13ರಂದು ಹರ್ಬರ್ಟ್ ಪಾಮರನೆಂಬ ಧರ್ಮಬೋಧಕನು ಪಾರ್ಲಿಮೆಂಟಿನ ಮುಂದೆ ಉಪದೇಶ ಮಾಡುತ್ತ ಆ ಪುಸ್ತಕ ಸುಡಲು ಯೋಗ್ಯವೆಂದನು. ಪರವಾನಗಿಯಿಲ್ಲದ ಪುಸ್ತಕಗಳ ಮೇಲೆ ಮುದ್ರಕರ ಸಂಘ ದೂರು ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ‘ಏರಿಯೊಪಜಿಟಿಕಾ’, ಮುದ್ರಣಸ್ವಾತಂತ್ರ್ಯದ ಆ ಮಹಾಪ್ರಬಂಧ, ಈ ಪೆಟ್ಟುಗಳನ್ನು ತಿಂದ ಕೈಯಿಂದಲೇ ಬಂದದ್ದು. ನಡುವೆ ಮಿಲ್ಟನ್ನನಿಗೆ ಒಂದು ಸಮಾಧಾನ ದೊರೆಯಿತು. ಸ್ಟ್ರಾಸ್‌ಬರ್ಗಿನ ಸುಧಾರಕ ಮಾರ್ಟಿನ್ ಬೂಸರನು 1550ರಲ್ಲಿ ಆರನೆಯ ಎಡ್ವರ್ಡ್ ದೊರೆಗಾಗಿ ಬರೆದ ಗ್ರಂಥದಲ್ಲಿ ಹೆಚ್ಚುಕಡಿಮೆ ಇದೇ ನಿಲುವು ಇತ್ತು. ಅದನ್ನು ಅನುವಾದಿಸಿ ಪ್ರಕಟಿಸಿದನು. ಹೊಸದೆಂದು ಬೈಯುತ್ತಿದ್ದವರಿಗೆ ಹಳಬನೊಬ್ಬನ ಹೆಸರು ಬೇಕಾಗಿತ್ತು.

ವಾದವನ್ನು ನಿಜವಾಗಿ ಓದಿದವಳು ಒಬ್ಬ ಹೆಂಗಸು. ಅಟಾವೇ ಎಂಬ ಆಕೆ ಲಂಡನ್ನಿನಲ್ಲಿ ಕಸೂತಿಯ ಲೇಸು ಮಾರುತ್ತ ಕೋಲ್ಮನ್ ಬೀದಿಯಲ್ಲಿ ಧರ್ಮೋಪದೇಶ ಮಾಡುತ್ತಿದ್ದಳು. ಮಿಲ್ಟನ್ನನ ಸಿದ್ಧಾಂತ ವಿಚಾರಾರ್ಹವಾದುದು, ತನ್ನ ಗಂಡನೂ ತನ್ನ ಭಾಷೆಯನ್ನಾಡದ ಅಧರ್ಮಿ ಎಂದು ಹೇಳಿದಳಂತೆ. ಗಂಡನು ಸೈನ್ಯದಲ್ಲಿದ್ದನು. ಕೆಲಕಾಲದಲ್ಲಿ ಅವಳು ವಿಲಿಯಂ ಜೆನ್ನಿ ಎಂಬ ಸಹಬೋಧಕನೊಡನೆ ಹೊರಟುಹೋದಳು. ಅವನು ಹೆಂಡತಿಮಕ್ಕಳನ್ನು ಹಿಂದೆ ಬಿಟ್ಟಿದ್ದನು. 1646ರಲ್ಲಿ ಈ ವೃತ್ತಾಂತವನ್ನು ಬರೆದ ಥಾಮಸ್ ಎಡ್ವರ್ಡ್ಸನು ಇಂಥ ಪಂಥಗಳ ಪರಮಶತ್ರು; ಅವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೂ ಯಜಮಾನನಿಗೆಂದು ಬರೆದ ತ್ಯಾಗಪತ್ರದ ಮೇಲೆ ಹೆಂಡತಿಯೊಬ್ಬಳು ತನ್ನ ಹೆಸರನ್ನು ಬರೆದುಕೊಂಡಳೆಂಬುದು, ಅಷ್ಟೇ ವೇಗವಾಗಿ ಇನ್ನೊಬ್ಬ ಹೆಂಡತಿ ಬೀದಿಗೆ ಬಿದ್ದಳೆಂಬುದು, ಎರಡೂ ವಿಚಾರಕ್ಕೆ ತಕ್ಕವು.

ಮಿಲ್ಟನ್ನನಾದರೋ ಯಾರನ್ನೂ ವಿಚ್ಛೇದಿಸಲಿಲ್ಲ. 1645ರ ಜೂನಿನಲ್ಲಿ ನೇಸ್‌ಬಿಯ ಯುದ್ಧದಲ್ಲಿ ರಾಜಪಕ್ಷ ಸೋತಿತು. ಆ ವರ್ಷವೇ ಬಂಧುವೊಬ್ಬನ ಮನೆಯಲ್ಲಿ ಅವನಿಗೆ ಅರಿವಿಲ್ಲದಂತೆ ಮೇರಿಯನ್ನು ಅವನೆದುರಿಗೆ ತಂದು ನಿಲ್ಲಿಸಿದರು. ಅವಳು ಮೊಣಕಾಲೂರಿ ಕ್ಷಮೆ ಬೇಡಿದಳೆಂದು ಫಿಲಿಪ್ಸ್ ಬರೆಯುತ್ತಾನೆ. ಸೋತ ಮನೆತನದ ಇಪ್ಪತ್ತರ ಹೆಣ್ಣಿಗೆ ಬೇರೆ ಯಾವ ದಾರಿ ತೆರೆದಿತ್ತೆಂಬುದನ್ನು ಬರೆದಿಲ್ಲ. ಮರುವರ್ಷ ಆಕ್ಸ್‌ಫರ್ಡು ಶರಣಾದ ಮೇಲೆ ಪವೆಲ್ಲನ ಸಂಸಾರವೇ ಅಳಿಯನ ಮನೆಗೆ ಬಂದು ಸೇರಿತು. ಅವನು ಎಲ್ಲರಿಗೂ ಆಶ್ರಯ ಕೊಟ್ಟನು. ಅವನ ಪುಸ್ತಕಗಳಲ್ಲಿ ಅಲಭ್ಯವಾದ ಪ್ರೀತಿಯ ವ್ಯಾಖ್ಯಾನ ಅವನ ನಡತೆಯಲ್ಲಿ ಇಲ್ಲಿ ಸ್ವಲ್ಪ ಕಾಣುತ್ತದೆ.

ಇಂಗ್ಲೆಂಡಿನ ಶಾಸನ ಅವನ ಮಾತಿಗೆ ಬಹು ತಡವಾಗಿ ಬಂದಿತು. 1670ರಲ್ಲಿ ರೂಸ್ ಪ್ರಭುವಿಗೆ ಪಾರ್ಲಿಮೆಂಟು ವಿಶೇಷ ಶಾಸನದ ಮೂಲಕ ಮರುಮದುವೆಯ ಅನುಮತಿಯಿತ್ತಾಗ ಮಿಲ್ಟನ್ನನಿನ್ನೂ ಬದುಕಿದ್ದನು. 1857ರ ಕಾಯಿದೆ ವಿಚ್ಛೇದನವನ್ನು ಸಾಮಾನ್ಯ ನ್ಯಾಯಾಲಯಕ್ಕೆ ತಂದಿತು, ಆದರೆ ಮತ್ತಾಯನ ಅಪವಾದವನ್ನೇ ಕಾರಣವಾಗಿಟ್ಟುಕೊಂಡಿತು. ಮನಸ್ಸುಗಳ ಒಡಕೇ ಆಧಾರವೆಂಬ ನಿಲುವು ಅಲ್ಲಿ ಶಾಸನವಾದದ್ದು 1969ರಲ್ಲಿ. 1857ರ ಕಾಯಿದೆಯ ಅಚ್ಚಿನಲ್ಲಿಯೇ ಎರಕಹೊಯ್ದ 1869ರ ಭಾರತೀಯ ವಿಚ್ಛೇದನ ಕಾಯಿದೆ ಮಂಗಳೂರು, ಧಾರವಾಡ, ಬೆಂಗಳೂರುಗಳ ಕ್ರೈಸ್ತ ದಂಪತಿಗಳಿಗೂ ಅನ್ವಯವಾಯಿತು. ಗಂಡನಿಗೆ ಹೆಂಡತಿಯ ಹಾದರವೊಂದೇ ಸಾಕಾಗಿತ್ತು. ಹೆಂಡತಿಗೆ ಗಂಡನ ಹಾದರ ಸಾಲದು. ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ಅಂಥದೇ ಬೇರೊಂದನ್ನೋ ಸಿದ್ಧಪಡಿಸಬೇಕಾಗಿತ್ತು. ಈ ತಾರತಮ್ಯ ತೊಲಗಿದ್ದು, ಪರಸ್ಪರ ಸಮ್ಮತಿಯ ವಿಚ್ಛೇದನ ಬಂದದ್ದು, 2001ರ ತಿದ್ದುಪಡಿಯಿಂದ. ಕ್ಯಾಥೊಲಿಕರ ಮಾರ್ಗ ಇಂದಿಗೂ ಬೇರೆ: ಸಭೆಯ ನ್ಯಾಯಪೀಠ ವಿವಾಹವನ್ನು ಆದಿಯಿಂದಲೇ ಅಸಿಂಧುವೆಂದು ಸಾರಬಹುದು, ಆದರೆ ಆ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು, 2017ರಲ್ಲಿ ಮತ್ತೆ ಹೇಳಿತು. ಫರಿಸಾಯರ ಒಂದು ಪ್ರಶ್ನೆಗೆ ಕೊಟ್ಟ ಉತ್ತರದ ಪಯಣ ಹೀಗೆ ದೀರ್ಘವಾದುದು.

ಗಿಬೆಯದ ಹೆಂಗಸನ್ನು ಮಿಲ್ಟನ್ನನು ಮರೆಯಲಿಲ್ಲ. 1667ರಲ್ಲಿ ಅಚ್ಚಾದ ‘ಪ್ಯಾರಡೈಸ್ ಲಾಸ್ಟ್’ನ ಮೊದಲ ಸರ್ಗದಲ್ಲಿ ಬೇಲಿಯಲ್ಲನ ಪ್ರಸಂಗ ಬರುವಾಗ ಆ ರಾತ್ರಿ ನೆನಪಾಗುತ್ತದೆ. ಮೊದಲ ಮುದ್ರಣದಲ್ಲಿ ಬಾಗಿಲುಗಳೂ ಗೃಹಿಣಿಯರೂ ಬಹುವಚನದಲ್ಲಿದ್ದರು. 1674ರ ಎರಡನೆಯ ಮುದ್ರಣದಲ್ಲಿ ಕುರುಡನಾದ ಮುದುಕ ಆ ಸಾಲನ್ನು ತಿದ್ದಿಸಿದನು: ಒಂದೇ ಬಾಗಿಲು, ಒಬ್ಬಳೇ ಗೃಹಿಣಿ. ಹಾದರದ ಮಾತು ಅಲ್ಲಿಲ್ಲ.

ಅವನ ಮನೆಯ ಬೈಬಲ್, 1612ರ ಒಂದು ಪ್ರತಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಖಾಲಿ ಹಾಳೆಯಲ್ಲಿ ಮಕ್ಕಳ ಜನನದ ದಿನಗಳನ್ನು ಬರೆದಿಡಲಾಗಿದೆ: 1646ರಲ್ಲಿ ಆನ್, 1648ರಲ್ಲಿ ಮೇರಿ, 1651ರಲ್ಲಿ ಜಾನ್. ಕೊನೆಯ ಮಗು ಡೆಬೊರಾ 1652ರ ಮೇ 2ರಂದು ಹುಟ್ಟಿತು. ಆ ಹೊತ್ತಿಗೆ ಮಿಲ್ಟನ್ನನ ಕಣ್ಣು ಪೂರ್ತಿ ಹೋಗಿತ್ತು. ಮುಂದಿನ ಸಾಲುಗಳು ಅವನು ಹೇಳಿ ಬರೆಯಿಸಿದವು. ಮಗುವಿನ ತಾಯಿಯಾದ ತನ್ನ ಹೆಂಡತಿ ಸುಮಾರು ಮೂರು ದಿನಗಳ ಮೇಲೆ ತೀರಿಕೊಂಡಳೆಂದೂ, ಅದಾಗಿ ಸುಮಾರು ಆರು ವಾರಕ್ಕೆ ಮಗನೂ ಹೋದನೆಂದೂ ಅಲ್ಲಿದೆ. ಅವಳ ಹೆಸರು ಆ ಸಾಲಿನಲ್ಲಿಲ್ಲ.